ಅಕ್ಕನ ದವಡೆಗೆ ಸೊಂಟದ ಎಲುಬು

ನನ್ನ ಅಕ್ಕನ ಮುಂದಿನ ನಾಲ್ಕು ಹಲ್ಲು ಹೋದದ್ದು ನನ್ನ ಕೈಯಿಂದ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಬಾಯಿ ಬಿಟ್ಟು ಹೇಳಬೇಕಾದಾಗ ನಾನು ಹೇಳಲಿಲ್ಲ.

ನಮ್ಮದು ಜೇವರ್ಗಿ ತಾಲೂಕಿನ ಒಂದು ಸಣ್ಣ ಊರು, ಅಂದೋಲಾಕ್ಕೆ ನಡೆದುಹೋಗುವಷ್ಟು ಹತ್ತಿರ. ಎಪ್ಪತ್ತರ ದಶಕದ ಆ ದೊಡ್ಡ ಬರ ಕಳೆದ ಮೇಲೆ ಸರಕಾರದವರು ಬಂದು ಊರ ಬಾಗಿಲಾದ ಅಗಸಿಯ ಪಕ್ಕದಲ್ಲಿ ಬೋರು ಕೊರೆದು ಕೈಪಂಪು ಕೂಡಿಸಿದರು. ಅದರ ಹಿಡಿಕೆ ಉದ್ದನೆಯ ಕಬ್ಬಿಣದ್ದು. ಒಂಬತ್ತು ವರ್ಷದ ಹುಡುಗಿ ನಾನು ತುದಿಗೆ ಜೋತುಬಿದ್ದು, ಹೊಟ್ಟೆ ಆನಿಸಿ ಕೆಳಗೆ ಒತ್ತಬೇಕಿತ್ತು. ಅರ್ಧಕ್ಕೆ ಕೈ ಬಿಟ್ಟರೆ ಒಳಗಿನ ಸರಳುಗಳ ಭಾರಕ್ಕೆ ಅದು ಗಕ್ಕನೆ ಮೇಲಕ್ಕೆ ಹಾರುತ್ತಿತ್ತು. ದೊಡ್ಡವರೆಲ್ಲ ದಿನಕ್ಕೆ ಹತ್ತು ಸಲ ಎಚ್ಚರ ಹೇಳುತ್ತಿದ್ದರು.

ಅಕ್ಕನಿಗೆ ಆಗ ಹದಿನಾರು. ಅವಳ ಮುಂದಿನ ಎರಡು ಹಲ್ಲುಗಳ ನಡುವೆ ಕಡ್ಡಿ ತೂರುವಷ್ಟು ಸಂದಿ ಇತ್ತು. ಅದರಿಂದ ಸಿಳ್ಳೆ ಹಾಕಿ ಕರು ಕರೆಯುತ್ತಿದ್ದಳು. ಹೆಣ್ಣುಮಗಳು ಸಿಳ್ಳೆ ಹಾಕಬಾರದು ಎಂದು ಅವ್ವ ಬೈಯುವುದು, ಇವಳು ನಗುವುದು, ಅದು ನಮ್ಮ ಮನೆಯ ಸಂಜೆಯ ಸದ್ದು. ಮೆಟ್ರಿಕ್ ಮುಗಿಸಿ ಟೀಚರ್ ಟ್ರೇನಿಂಗಿಗೆ ಹೋಗಬೇಕು ಎಂದು ಅವಳ ಮನಸ್ಸಿನಲ್ಲಿತ್ತು. ಗೋಡೆಗೆ ಮಸಿಯಿಂದ ಅಕ್ಷರ ಬರೆದು ನನಗೂ ಓಣಿಯ ಮಕ್ಕಳಿಗೂ ಓದಿಸುತ್ತಿದ್ದಳು.

ಆ ದಿನ ಬೆಳಿಗ್ಗೆಯಿಂದ ನಾನು ಮುನಿಸಿಕೊಂಡಿದ್ದೆ. ಅಕ್ಕ ಗೆಳತಿಯರ ಕೂಡ ಅಂದೋಲಾದ ಮಠಕ್ಕೆ ಹೋಗುವವಳಿದ್ದಳು. ನನ್ನನ್ನು ಕರೆದುಕೊಂಡು ಹೋಗುವುದಿಲ್ಲ ಎಂದಿದ್ದಳು. ಎರಡು ಕೊಡ ತುಂಬಿದ ಮೇಲೆ ನಾನು ನಿಲ್ಲಿಸಿದೆ.

"ಇನ್ನ ಒಂದಾ ಕೊಡ ಬೇ. ಹೊಡಿ," ಎಂದಳು.

"ನಾ ಹೊಡಿಯಂಗಿಲ್ಲ. ಮಠಕ್ಕ ನೀ ಒಬ್ಬಾಕೀನಾ ಹೋಗ್ತಿ, ನೀರೂ ನೀನಾ ಹೊಡ್ಕೋ."

"ಹೊಡಿತೀಯೋ, ಅಪ್ಪಗ ಹೇಳ್ಲೋ?"

ನಾನು ಹಿಡಿಕೆಯನ್ನು ಕೆಳಗಿನವರೆಗೂ ಒತ್ತಿ, ಸಿಟ್ಟಿನಿಂದ ಎರಡೂ ಕೈ ಬಿಟ್ಟೆ. ಅದೇ ಗಳಿಗೆಗೆ ಅಕ್ಕ ಹಿಡಿಕೆಯ ಬುಡದಲ್ಲಿ ಬಿದ್ದಿದ್ದ, ಕೊಡ ಹೊರುವ ಸಿಂಬೆ ಎತ್ತಿಕೊಳ್ಳಲು ಬಗ್ಗಿದ್ದಳು. ಅವಳ ಮುಖ ಅಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಬೇಕೆಂದೇ ಕೈ ಬಿಟ್ಟದ್ದೂ ಖರೆ, ಗೊತ್ತಿಲ್ಲದ್ದೂ ಖರೆ.

ಸದ್ದು ದೊಡ್ಡದೇನೂ ಬರಲಿಲ್ಲ. ಹಸಿ ಕಟ್ಟಿಗೆ ಮುರಿದಂತೆ ಆಯಿತು, ಅಷ್ಟೇ. ಅಕ್ಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕೂತುಬಿಟ್ಟಳು. ಬೆರಳ ಸಂದಿಯಿಂದ ರಕ್ತ ಇಳಿದು ಪಂಪಿನ ಬುಡದ ಕಲ್ಲಿನ ಮೇಲಿನ ನೀರಿಗೆ ಕೂಡಿಕೊಂಡಿತು. ಎರಡು ಹಲ್ಲು ಕಲ್ಲ ಮೇಲೆ ಬಿದ್ದಿದ್ದವು. ನೀರಿಗೆ ಬಂದಿದ್ದ ಹೆಂಗಸರು ಓಡಿಬಂದರು. ಹಿಂದಿನಿಂದ ಅಪ್ಪ ಬಂದ. ಅಪ್ಪ ಕೈ ಎತ್ತಿದರೆ ಹೊಡೆಯದೆ ಇಳಿಸುವ ಮನುಷ್ಯನಲ್ಲ.

"ಯಾರು ಬಿಟ್ರು ಹ್ಯಾಂಡಲ್?" ಎಂದು ಕೇಳಿದ.

ನಾನು ಬಾಯಿ ತೆರೆಯಲಿಲ್ಲ. ಅಕ್ಕ ರಕ್ತದ ಬಾಯಲ್ಲೇ, "ನಾನಾ ಹೊಡಿಯಾಕತ್ತಿದ್ದೆ ಅಪ್ಪ. ಕೈ ಜಾರಿತು," ಎಂದಳು.

ಜೇವರ್ಗಿಯ ದವಾಖಾನೆಯಲ್ಲಿ ಅಲುಗಾಡುತ್ತಿದ್ದ ಇನ್ನೆರಡು ಹಲ್ಲನ್ನೂ ಕಿತ್ತರು. ಅವುಗಳ ಹಿಂದೆಯೇ ಮೇಲ್ದವಡೆಯ ಮುಂಭಾಗದ ಎಲುಬಿನ ಒಂದು ಚೂರು ಬಂತಂತೆ. ಅದು ಎಂಥ ನಷ್ಟ ಎಂದು ಆಗ ಯಾರಿಗೂ ತಿಳಿಯಲಿಲ್ಲ. ತುಟಿ ಹೊಲಿದು, ಗಾಯ ಮಾಯುತ್ತದೆ ಎಂದು ಹೇಳಿ ಕಳಿಸಿದರು. ಗಾಯ ಮಾಯಿತು. ಆ ವರ್ಷ ಅಕ್ಕ ಸಾಲಿ ಬಿಟ್ಟಳು. ಕರು ಕರೆಯಲು ನಾನು ಹೋಗುತ್ತಿದ್ದೆ.

ಮರುವರ್ಷ ಅಪ್ಪ ಅವಳನ್ನು ಆಳಂದಕ್ಕೆ ಕರೆದುಕೊಂಡು ಹೋದ. ದರ್ಗಾದ ದಾರಿಯಲ್ಲಿ ಹಲ್ಲು ಕಟ್ಟುವ ಒಬ್ಬ ಸಾಬರಿದ್ದರು. ಡಾಕ್ಟರಿಕೆ ಓದಿದವರಲ್ಲ, ತಂದೆಯಿಂದ ಕಲಿತ ಕೈಗಾರಿಕೆ. ಬಿಸಿ ಮೇಣ ಕಚ್ಚಿಸಿ ಅಚ್ಚು ತೆಗೆದು, ಗುಲಾಬಿ ಬಣ್ಣದ ಪ್ಲೇಟಿಗೆ ನಾಲ್ಕು ಹಲ್ಲು ಕೂಡಿಸಿ ಕೊಟ್ಟರು. ನಾನೂ ಹಟ ಮಾಡಿ ಹೋಗಿದ್ದೆ. ಅಕ್ಕ ಕನ್ನಡಿ ನೋಡಿಕೊಂಡು ಅಳುವುದಕ್ಕೆ ಶುರು ಮಾಡಿದಾಗ ಸಾಬರಿಗೆ ಗಾಬರಿಯಾಯಿತು.

"ಯಾಕ್ ಬೇಟಿ, ಪಸಂದ ಬರಲಿಲ್ಲೇನು?"

"ಸಂದಿ ಇಲ್ರಿ ಇದರಾಗ," ಎಂದಳು ಅಕ್ಕ.

ಅವರು ನಕ್ಕು, ಅರದಂಥ ಸಣ್ಣ ಕಾನಸು ತಗೊಂಡು ಎರಡು ಹಲ್ಲುಗಳ ನಡುವೆ ಸಣ್ಣಗೆ ಉಜ್ಜಿ ಸಂದಿ ಮಾಡಿ ಕೊಟ್ಟರು. ಆಮೇಲೆ ಅಪ್ಪನ ಕಡೆ ತಿರುಗಿ, "ನೋಡ್ರಿ ಗೌಡ್ರ, ಹಲ್ಲು ನಾ ಕೊಡ್ತೇನಿ. ಒಳಗಿನ ಎಲುಬು ನನ್ನ ಕೈಯಾಗಿಲ್ಲ. ಹಲ್ಲಿಲ್ಲದ ಜಾಗಾದಾಗ ಅದು ವರ್ಷಾ ವರ್ಷಾ ಕರಗತದ. ಪ್ಲೇಟ್ ಸಡ್ಲ ಆದಂಗ ಕರ್ಕೊಂಡ್ ಬರ್ರಿ," ಎಂದರು. ಹಾಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ, ಸಡಿಲವಾದಾಗಲೆಲ್ಲ ಅವರೇ ಪ್ಲೇಟಿನ ಬೆನ್ನಿಗೆ ಹೊಸ ಪದರ ಹಚ್ಚಿಕೊಟ್ಟರು.

ಅಕ್ಕನ ಮದುವೆ ಅಫಜಲಪುರ ತಾಲೂಕಿನ ಗೊಬ್ಬೂರಿಗೆ ಆಯಿತು. ಭಾವ ಮಾತು ಕಡಿಮೆ, ತೊಗರಿ ಹೊಲ ಬಿಟ್ಟರೆ ಬೇರೆ ಲೋಕವಿಲ್ಲದ ಮನುಷ್ಯ. ಹೆಣ್ಣು ನೋಡಲು ಬಂದಾಗ ಅಕ್ಕನೇ ಪ್ಲೇಟು ತೆಗೆದು ಅಂಗೈ ಮೇಲಿಟ್ಟು ತೋರಿಸಿದ್ದಳು. ಅವನ ತಾಯಿಯ ಮುಖ ಸಣ್ಣದಾಯಿತು. ಅವನು ಮಾತ್ರ, "ಲಗ್ನ ಹಲ್ಲಿನ ಕೂಡ ಏನ್ ಮಾಡ್ಕೊಳಂಗಿಲ್ಲಲ್ಲ," ಎಂದು ಎದ್ದು ಬಂಡಿ ಹೂಡಲು ಹೋದ. ಒಬ್ಬಳು ಮಗಳು ಹುಟ್ಟಿದಳು. ಮುಂದೆ ಊರಿಗೆ ಅಂಗನವಾಡಿ ಬಂದಾಗ ಅಕ್ಕನಿಗೆ ಅಲ್ಲಿ ಕೆಲಸ ಸಿಕ್ಕಿತು. ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಹಾಡು ಹೇಳಿಸುವಾಗ ಅವಳ ಬಲಗೈ ಮೇಲ್ತುಟಿಯ ಹತ್ತಿರವೇ ಇರುತ್ತಿತ್ತು, ಪ್ಲೇಟು ಜಾರಿದರೆ ಹಿಡಿಯಲು.

ನಾನು ಕಲಬುರಗಿಯಲ್ಲಿ ನರ್ಸಿಂಗ್ ಓದಿ ಆಳಂದದ ಸರಕಾರಿ ದವಾಖಾನೆಗೆ ಬಂದೆ. ಯಾಕೆ ನರ್ಸ್ ಆದೆ ಎಂದು ಯಾರಾದರೂ ಕೇಳಿದರೆ ಏನೋ ಒಂದು ಹೇಳುತ್ತಿದ್ದೆ. ಖರೆ ಹೇಳಬೇಕೆಂದರೆ ಆ ಕಲ್ಲಿನ ಮೇಲೆ ಅಕ್ಕನ ಬಾಯಿಂದ ರಕ್ತ ಇಳಿಯುವಾಗ ನಾನು ಸುಮ್ಮನೆ ನಿಂತಿದ್ದೆನಲ್ಲ, ಆ ನಿಂತದ್ದು ನನ್ನನ್ನು ಬಿಡಲಿಲ್ಲ. ಹಬ್ಬಕ್ಕೆ ಅವಳ ಮನೆಗೆ ಹೋದಾಗ ಅವಳು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ನೋಡಿ ಎದ್ದು ಹೊರಗೆ ಹೋಗುತ್ತಿದ್ದೆ. ಅಪ್ಪ ತೀರಿಕೊಂಡ. ಅವನಿಗೂ ಹೇಳಲಿಲ್ಲ.

ತೊಂಬತ್ತರ ದಶಕ ಶುರುವಾದ ಹೊತ್ತಿಗೆ ಆಳಂದದ ಸಾಬರೂ ಹೋಗಿಬಿಟ್ಟರು. ಅಕ್ಕನ ಪ್ಲೇಟು ಎಷ್ಟು ಸಡಿಲವಾಯಿತೆಂದರೆ, ಒಮ್ಮೆ ಅಂಗನವಾಡಿಯಲ್ಲಿ ಹಾಡು ಹೇಳಿಸುವಾಗ ಜಾರಿ ಚಾಪೆಯ ಮೇಲೆ ಬಿತ್ತು. ನಾಲ್ಕು ವರ್ಷದ ಹುಡುಗಿಯೊಬ್ಬಳು ಅದನ್ನು ಎತ್ತಿ ಲಂಗಕ್ಕೆ ಒರೆಸಿ, "ಟೀಚರ್, ನಿಮ್ಮ ಹಲ್ಲು," ಎಂದು ಕೊಟ್ಟಳಂತೆ. ಅಕ್ಕ ಇದನ್ನು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಆಗಲೇ ನಮ್ಮ ದವಾಖಾನೆಯ ಒಬ್ಬ ಡಾಕ್ಟರು ಸೊಲ್ಲಾಪುರದ ಸುದ್ದಿ ಹೇಳಿದರು. ಮುಂಬಯಿಯಲ್ಲಿ ಕಲಿತು ಬಂದ ಹಲ್ಲಿನ ಡಾಕ್ಟರೊಬ್ಬರು ಅಲ್ಲಿ ದವಡೆಯ ಎಲುಬಿಗೇ ಲೋಹದ ತಿರುಪು ನೆಟ್ಟು, ಅದರ ಮೇಲೆ ಹಲ್ಲು ಕೂಡಿಸುತ್ತಾರಂತೆ. ಬೀಳುವುದಿಲ್ಲ, ತೆಗೆಯುವುದಿಲ್ಲ, ರೊಟ್ಟಿ ಕಡಿಯಬಹುದು. ಅಂದಿನಿಂದ ನಾನು ಅಕ್ಕನ ಬೆನ್ನು ಹತ್ತಿದೆ.

"ಈಗ್ಯಾಕ ಬೇ ಅದೆಲ್ಲ," ಎಂದಳು. "ಮಗಳು ಲಗ್ನಕ್ಕ ಬಂದಾಳ. ನನಗ ಹೆಂಗಾದ್ರೂ ನಡೀತದ."

"ನಡಿಯಂಗಿಲ್ಲ. ಒಮ್ಮಿ ತೋರಿಸ್ಕೊಂಡು ಬರೋಣು. ತೋರಿಸಿದ್ರ ಏನ್ ಹೋಗ್ತದ?"

ಹಬ್ಬದಿಂದ ಹಬ್ಬಕ್ಕೆ ಹೀಗೇ ನಡೆಯಿತು. ಕೊನೆಗೆ ಒಂದು ಬೇಸಿಗೆಯಲ್ಲಿ ಬಂದಳು.

ಸೊಲ್ಲಾಪುರದ ಡಾಕ್ಟರು ಚಿಕ್ಕ ವಯಸ್ಸಿನವರು, ಮೆಲುದನಿಯವರು. ಮರಾಠಿ, ಇಂಗ್ಲಿಷ್ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅಕ್ಕನಿಗೆ ಮರಾಠಿ ಬರುತ್ತಿರಲಿಲ್ಲ. ಆಳಂದದ ನೌಕರಿಯಲ್ಲಿ ನಾನು ಕಲಿತಿದ್ದೆ. ಹೀಗಾಗಿ ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಬಾಯಿಯಿಂದಲೇ ಹೋಗಬೇಕಿತ್ತು. ಅವರು ದವಡೆಯ ಎಕ್ಸ್‌ರೇ ಫೋಟೊ ತೆಗೆಸಿ ಬೆಳಕಿಗೆ ಹಿಡಿದರು. ಅಕ್ಕನ ಮೇಲ್ದವಡೆಯ ಮುಂಭಾಗ ಚಾಕುವಿನ ಅಲಗಿನಷ್ಟು ತೆಳ್ಳಗಾಗಿದೆ, ತಿರುಪು ನೆಡಲು ಅಲ್ಲಿ ಎಲುಬೇ ಇಲ್ಲ ಎಂದರು. ಮೊದಲು ಎಲುಬು ಬೆಳೆಸಬೇಕು. ಸೊಂಟದ ಎಲುಬಿನ ಅಂಚಿನಿಂದ ಒಂದು ತುಂಡು ಕತ್ತರಿಸಿ ತಂದು ದವಡೆಗೆ ಕೂಡಿಸಿ, ಒಸಡು ಹೊಲಿದು, ಅದು ಬೇರು ಹಿಡಿಯುವವರೆಗೆ ಆರು ತಿಂಗಳು ಕಾಯಬೇಕು. ಆಮೇಲೆ ಹಲ್ಲಿನ ಮಾತು.

ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಸೊಂಟ ಎಂದ ಕೂಡಲೇ ಅಕ್ಕ ತನ್ನ ಸೊಂಟ ಮುಟ್ಟಿ ನೋಡಿಕೊಂಡಳು.

ಡಾಕ್ಟರು ಕೊನೆಗೆ ಬೆರಳೆತ್ತಿ ಒಂದು ಮಾತು ಹೇಳಿದರು. ಆಪರೇಶನ್ ಆದ ಮೇಲೆ ಎರಡು ತಿಂಗಳು ಪ್ಲೇಟು ಬಾಯಲ್ಲಿ ಇಡಕೂಡದು. ಒಂದು ಗಳಿಗೆಯೂ ಕೂಡದು. ಅದರ ಒತ್ತಡಕ್ಕೆ ಒಸಡು ಬಿಚ್ಚಿಕೊಂಡರೆ ಒಳಗಿನ ಎಲುಬು ಸಾಯುತ್ತದೆ.

"ಏನಂತಾರ?" ಎಂದು ಅಕ್ಕ ಕೇಳಿದಳು.

"ಎರಡು ತಿಂಗಳು ಪ್ಲೇಟ್ ಹಾಕ್ಕೋಬಾರದಂತ."

ಅವಳು ಕುರ್ಚಿಯ ತುದಿಗೆ ಸರಿದಳು. "ಎರಡು ತಿಂಗಳು? ಬೋಳು ಬಾಯಿಲೆ ಅಂಗನವಾಡಿಗೆ ಹೋಗ್ಲಿ? ಮಂದಿ ಮುಂದ ಹೆಂಗ ನಿಂದರ್ಲಿ ಬೇ? ಒಲ್ಲೆ, ನಡಿ ಊರಿಗಿ ಹೋಗೋಣು."

ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಈಗ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸುವ ಬಾಗಿಲು ಕಣ್ಣೆದುರೇ ಮುಚ್ಚುತ್ತಿತ್ತು. ನಾನು ಅವಳ ಕೈ ಹಿಡಿದೆ.

"ಅಷ್ಟು ಕಟ್ಟುನಿಟ್ಟ ಇಲ್ಲಕ್ಕ. ಉಣ್ಣಾಕ ಹಾಕ್ಕೋಬಾರದು, ಅಷ್ಟಾ. ಮಂದಿ ಮುಂದ ತಾಸೆರಡು ತಾಸು ಹಾಕ್ಕೊಂಡ್ರ ನಡೀತದ."

"ಡಾಕ್ಟರ್ ಅಂದ್ರೇನು ಹಂಗ?"

"ಅಂದ್ರು," ಎಂದೆ.

ಡಾಕ್ಟರು ನಮ್ಮಿಬ್ಬರ ಮುಖ ನೋಡಿ, ತಿಳಿಯಿತೇ ಎಂದು ಕೇಳಿದರು. ತಿಳಿಯಿತು ಎಂದೆ. ಆಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದರಾಯಿತು ಎಂದುಕೊಂಡಿದ್ದೆ. ಆ ಆಮೇಲೆ ಬರಲೇ ಇಲ್ಲ. ದಿನ ಹೋದಂತೆ ಅದೊಂದು ಸಣ್ಣ ಮಾತಾಗಿ ನನ್ನ ತಲೆಯಲ್ಲೇ ಮಾಸಿತು. ನರ್ಸ್ ಆದವಳಿಗೆ ಇದು ಮಾಸಬಾರದಿತ್ತು.

ಅವ್ವನಿಗೆ ಸುದ್ದಿ ಹೇಳಲು ಊರಿಗೆ ಹೋದೆ. ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟಳು.

"ಆಕಿ ಸೊಂಟ ಯಾಕ ಕೊಯ್ತಾರ? ಇನ್ನ ಬಾಳುವಿ ಮಾಡಾಕಿ. ನಂದು ತಗೋ ಅನ್ನು. ನನಗಿನ್ನ ಸೊಂಟ ಯಾತಕ್ಕ ಬೇಕು?"

"ಅವರವರ ಎಲುಬಾ ಆಗಬೇಕವ್ವ. ಮಂದೀದು ಕೂಡಂಗಿಲ್ಲ."

"ನಾ ಮಂದಿ ಏನು? ನಾ ಹಡದ ಎಲುಬಲ್ಲೇನು ಅದು?"

ಹಲ್ಲು ಬಂದರೆ ಮಗಳನ್ನು ಘತ್ತರಗಿಗೆ ಕರೆದುಕೊಂಡು ಹೋಗಿ ಭಾಗ್ಯವಂತಿ ದೇವಿಗೆ ಸೀರೆ ಉಡಿಸುತ್ತೇನೆ ಎಂದು ಅವ್ವ ಕೂತಲ್ಲಿಯೇ ಕೈ ಮುಗಿದಳು.

ಆಪರೇಶನ್ ಸೊಲ್ಲಾಪುರದಲ್ಲೇ ಆಯಿತು. ಹೊರಗೆ ಬೆಂಚಿನ ಮೇಲೆ ನಾನು, ಭಾವ. ಭಾವ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ಅವಳನ್ನು ಹೊರಗೆ ತಂದಾಗ ಮುಖ ಕುಂಬಳಕಾಯಿಯಷ್ಟು ಊದಿತ್ತು. ಎಚ್ಚರವಾದ ಮೇಲೆ ಅವಳು ಕೈ ಇಟ್ಟದ್ದು ಬಾಯಿಗಲ್ಲ, ಬಲ ಸೊಂಟಕ್ಕೆ. "ಬಾಯಾಗ ಏನೂ ಇಲ್ಲ ಬೇ," ಎಂದು ಊದಿದ ತುಟಿಯಲ್ಲೇ ಗುನುಗಿದಳು, "ಇಲ್ಲಿ ಬೆಂಕಿ ಇಟ್ಟಾರ."

ಹನ್ನೆರಡು ದಿನ ಅವಳನ್ನು ಆಳಂದದ ನನ್ನ ಕ್ವಾರ್ಟರ್ಸಿನಲ್ಲಿ ಇಟ್ಟುಕೊಂಡೆ. ನನ್ನ ಬದುಕಿನಲ್ಲಿ ಅಷ್ಟು ಹಗುರಾದ ದಿನಗಳು ಮತ್ತೆ ಬರಲಿಲ್ಲ. ಜೋಳದ ಅಂಬಲಿ ಆರಿಸಿ ಚಮಚದಿಂದ ಕುಡಿಸುತ್ತಿದ್ದೆ. ತಲೆ ಬಾಚುತ್ತಿದ್ದೆ. ತೋಳಿಗೆ ತೋಳು ಕೊಟ್ಟು ಅಂಗಳದಲ್ಲಿ ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ ನಡೆಸುತ್ತಿದ್ದೆ. ಬೆಳಿಗ್ಗೆ ಬ್ಯಾಟರಿ ಹಿಡಿದು ಬಾಯೊಳಗೆ ನೋಡಿದರೆ ಒಸಡು ದುಂಡಗೆ, ಗುಲಾಬಿಯಾಗಿ, ಎಳೆಯ ಹುಡುಗಿಯ ಒಸಡಿನಂತೆ ತುಂಬಿಕೊಂಡಿತ್ತು. "ಛಲೋ ಅದನು?" ಎಂದು ಕೇಳುತ್ತಿದ್ದಳು. "ಭಾಳ ಛಲೋ ಅದ," ಎನ್ನುತ್ತಿದ್ದೆ. ರೊಟ್ಟಿ ಕಡಿದು ತಿನ್ನುವ ದಿನ ನೆಂಚಿಕೊಳ್ಳಲು ಶೇಂಗಾ ಹಿಂಡಿ ಯಾರು ಕುಟ್ಟಬೇಕು ಎಂಬ ಮಾತು ಕೂಡ ನಮ್ಮಲ್ಲಿ ಆಗಿತ್ತು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಭಾವನ ಕೂಡ ಗೊಬ್ಬೂರಿಗೆ ಹೋದಳು. ಪ್ಲೇಟು ಅವಳ ಕೈಚೀಲದಲ್ಲಿ ಅರಿವೆಯಲ್ಲಿ ಸುತ್ತಿಟ್ಟಿತ್ತು. ನಾನೇ ಸುತ್ತಿ ಕೊಟ್ಟಿದ್ದೆ.

ವಾರಕ್ಕೆ ಒಮ್ಮೆ ಬರುತ್ತೇನೆ ಎಂದಿದ್ದೆ. ಮಳೆ ಬಿದ್ದ ಕೂಡಲೇ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತು. ರಜೆ ರದ್ದಾಯಿತು. ಸಲೈನ್ ಹಚ್ಚುತ್ತ ಮೂರು ವಾರ ಹೋದದ್ದು ತಿಳಿಯಲಿಲ್ಲ. ನಾನು ಗೊಬ್ಬೂರಿಗೆ ಹೋದಾಗ ಅಕ್ಕ ಅಂಗನವಾಡಿಯಿಂದ ಆಗಷ್ಟೇ ಬಂದಿದ್ದಳು. ಬಾಗಿಲಲ್ಲಿ ನಿಂತು ನಕ್ಕಳು. ಬಾಯಲ್ಲಿ ಪ್ಲೇಟು ಇತ್ತು.

ಹತ್ತಿರ ಹೋದೆ. ವಾಸನೆ ಬಂತು. ಹತ್ತು ವರ್ಷ ವಾರ್ಡಿನಲ್ಲಿ ಗಾಯ ತೊಳೆದವಳಿಗೆ ಆ ವಾಸನೆ ಏನೆಂದು ಯಾರೂ ಹೇಳಬೇಕಿರಲಿಲ್ಲ.

"ಬಾಯಿ ತಗಿ," ಎಂದೆ.

ಪ್ಲೇಟು ತೆಗೆದಳು. ಒಸಡು ಸೀಳಿತ್ತು. ಸೀಳಿನೊಳಗಿಂದ ಹಳದಿ ಬೂದಿ ಬಣ್ಣದ ಎಲುಬಿನ ಮೂಲೆ ಹೊರಗೆ ಇಣುಕುತ್ತಿತ್ತು. ಸುತ್ತಲೂ ಕೀವು.

"ಎಷ್ಟು ದಿನ ಆತು ಹಿಂಗ?"

"ಹತ್ತು ದಿನ ಆಗಿರಬೇಕು. ಇವತ್ತ ಬರ್ತಿ, ನಾಳೆ ಬರ್ತಿ ಅಂತ ದಾರಿ ನೋಡಾಕತ್ತಿದ್ದೆ. ನೀ ನೋಡಿದ ಮ್ಯಾಲ ಮುಂದಿನ ಮಾತು ಅಂತ."

"ಪ್ಲೇಟ್..."

"ಅಂಗನವಾಡಿಗಿ ಹೋದಾಗಷ್ಟಾ ಹಾಕ್ಕೊಂತಿದ್ದೆ. ನೀ ಹೇಳಿದಂಗ. ತಾಸೆರಡು ತಾಸು. ಉಣ್ಣಾಕ ಒಮ್ಮಿನೂ ಹಾಕ್ಕೊಂಡಿಲ್ಲ, ಆಣಿ."

ನಾನು ಹೇಳಿದ್ದನ್ನು ಅವಳು ಒಂದು ಗಳಿಗೆಯೂ ಮೀರದೆ ಪಾಲಿಸಿದ್ದಳು.

ಮರುದಿನ ಸೊಲ್ಲಾಪುರ. ಡಾಕ್ಟರು ನೋಡಿದರು. ಚಿಮಟಿಗೆಯಿಂದ ಮೆಲ್ಲಗೆ ಮುಟ್ಟಿದರು. ಎಲುಬು ಅಲುಗಾಡಿತು. ಕೈ ಇಳಿಸಿ, ಅಕ್ಕನನ್ನೇ ನೋಡುತ್ತ, ಇವರು ಪ್ಲೇಟು ಹಾಕಿಕೊಂಡಿದ್ದರೇ ಎಂದು ಕೇಳಿದರು.

ಮಾತು ತಿಳಿಯದಿದ್ದರೂ ಪ್ಲೇಟು ಎಂಬ ಶಬ್ದ ಅಕ್ಕನಿಗೆ ತಿಳಿಯಿತು. ನನ್ನ ಕಡೆ ತಿರುಗಿದಳು. "ಹೇಳು ಅವರಿಗಿ. ನಡೀತದ ಅಂತ ನೀ ಹೇಳಿದ್ದಿ, ಅದಕ್ಕಾ ಹಾಕ್ಕೊಂಡೆ ಅಂತ ಹೇಳು. ನೀವಾ ಹೇಳಿದ್ರಂತ ಅನ್ನು."

ಡಾಕ್ಟರು ಕಾಯುತ್ತಿದ್ದರು. ಪಕ್ಕದಲ್ಲಿ ಅಲ್ಲಿನ ನರ್ಸು ನಿಂತಿದ್ದಳು. ನಾನೂ ಒಬ್ಬಳು ನರ್ಸು ಎಂದು ಅವರಿಬ್ಬರಿಗೂ ಗೊತ್ತಿತ್ತು. ಮರಾಠಿಯಲ್ಲಿ ನಾನು ಹೇಳಬೇಕಾದದ್ದು ಮೂರೇ ಶಬ್ದ, ನಾನು ಹಾಕಿಕೋ ಎಂದೆ.

"ಹೌದು, ಹಾಕಿಕೊಂಡಿದ್ದಳು," ಎಂದೆ. ಅಷ್ಟೇ ಎಂದೆ.

ಡಾಕ್ಟರು ಕೆಟ್ಟವರಲ್ಲ, ಆದರೆ ಅವರಿಗೆ ಸಿಟ್ಟು ಬಂತು. ಇಷ್ಟು ಬಿಡಿಸಿ ಹೇಳಿದರೂ ಕೇಳದಿದ್ದರೆ ನಾನು ಏನು ಮಾಡಲಿ, ಚಂದ ಕಾಣುವ ಆಸೆಗೆ ಎರಡು ತಿಂಗಳು ತಡೆಯಲಾಗಲಿಲ್ಲವೇ ಎಂದು ಅಕ್ಕನ ಮುಖಕ್ಕೇ ಅಂದರು. ಅಕ್ಕ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕುರ್ಚಿಗೆ ತಲೆ ಆನಿಸಿ ಬಾಯಿ ತೆರೆದಳು.

ಸೂಜಿ ಕೊಟ್ಟು ಎಲುಬನ್ನು ಹೊರಗೆ ತೆಗೆದರು. ಸ್ಟೀಲಿನ ತಟ್ಟೆಗೆ ಅದು ಬಿದ್ದಾಗ ಟಣ್ ಎಂದಿತು. ನನ್ನ ಅಕ್ಕನ ಸೊಂಟದ ತುಂಡು, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಅದರ ಸುತ್ತಲಿನ ಒಸಡೂ, ಮೊದಲಿದ್ದ ತೆಳ್ಳನೆಯ ಎಲುಬೂ ಅಷ್ಟಿಷ್ಟು ಹೋದವು. ಇನ್ನು ಆ ಜಾಗದಲ್ಲಿ ಹಳೆಯ ಪ್ಲೇಟು ಕೂಡ ನಿಲ್ಲಲಾರದು ಎಂದು ಡಾಕ್ಟರು ಮೆಲುದನಿಯಲ್ಲಿ ಹೇಳಿದರು. ಅದನ್ನೂ ನಾನೇ ಅಕ್ಕನಿಗೆ ಕನ್ನಡದಲ್ಲಿ ಹೇಳಬೇಕಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಅಫಜಲಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಧ್ಯಾಹ್ನದ ಬಿಸಿಲು. ಭಾವ ನೀರು ತರಲು ಹೋದ. ಅಕ್ಕ ಬಾಯಲ್ಲಿದ್ದ ಹತ್ತಿ ತೆಗೆದು ಕಾಗದದಲ್ಲಿ ಸುತ್ತಿದಳು.

"ಹೇಳಲಿಲ್ಲಲ್ಲ?"

ನಾನು ಭಾವ ಹೋದ ದಾರಿ ನೋಡಿದೆ.

"ಮರಾಠಿ ಬರಂಗಿಲ್ಲ ನನಗ. ಸಿಟ್ಟು ಯಾರ ಮ್ಯಾಲ ಅದ ಅಂತ ತಿಳಿತದ. ಅವರು ನನಗ ಬೈದ್ರು. ನಿನಗಲ್ಲ."

"ಅಕ್ಕ, ಅವರು ಪ್ಲೇಟ್ ಹಾಕ್ಕೋ ಅಂತ ಅಂದಿರಲಿಲ್ಲ. ಒಂದು ಗಳಿಗಿನೂ ಬ್ಯಾಡ ಅಂದಿದ್ರು. ನಾನಾ ನಿನಗ ಸುಳ್ಳು ಹೇಳಿದೆ. ನೀ ಎದ್ದು ಹೋಗ್ತಿ ಅಂತ."

ಅವಳಿಗೆ ಇದು ಗೊತ್ತಿರಲಿಲ್ಲ. ಡಾಕ್ಟರೇ ಮರೆತು ಬೈಯುತ್ತಿದ್ದಾರೆ, ನಾನು ಅಂಜಿ ಸುಮ್ಮನಾದೆ ಎಂದಷ್ಟೇ ತಿಳಿದಿದ್ದಳು. ಅವಳ ಮೇಲ್ತುಟಿ ಒಳಕ್ಕೆ ಮಡಿಚಿಕೊಂಡಿತ್ತು, ಮೂವತ್ತಾರಕ್ಕೇ ಅರವತ್ತರ ಮುಖ.

"ಪಂಪಿನ ಹತ್ರನೂ ಹಿಂಗಾ ನಿಂತಿದ್ದಿ," ಎಂದಳು.

"ಅವತ್ತ ಕೈ ಜಾರಿ..."

"ಜಾರಲಿಲ್ಲ ಬೇ. ಸಿಟ್ಟಿಲೆ ಬಿಟ್ಟಿ. ಬಗ್ಗಿದಾಕಿ ನಿನ್ನ ಕೈ ನೋಡಿದ್ದೆ ನಾ. ಸಣ್ಣಾಕಿ, ಅಪ್ಪ ಕೊಂದಾ ಹಾಕ್ತಾನ ಅಂತ ನಾ ಹಂಗ ಹೇಳಿದೆ. ಆಗ ನಿನಗ ಒಂಬತ್ತು. ಇವತ್ತೇನಾಗಿತ್ತು ನಿನಗ?"

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

"ನನಗ ಹಲ್ಲು ಬೇಕಾಗಿದ್ದಿಲ್ಲ. ನಿನಗ ಬೇಕಾಗಿದ್ವು. ನಾ ಉಣ್ಣಾಗ ನೀ ಎದ್ದು ಹೋಗೋದು ನೋಡಿಲ್ಲೇನು ನಾ? ಹೋಗ್ಲಿ, ಇಕಿ ಎದಿ ಹಗುರ ಆಗ್ಲಿ ಅಂತ ಸೊಂಟ ಕೊಟ್ಟೆ. ಇದ್ದ ಪ್ಲೇಟೂ ಹೋತು ಈಗ," ಎಂದಳು.

ಭಾವ ನೀರು ತಂದ. ಅವಳು ಕುಡಿಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂಡದೆ ಭಾವನ ಪಕ್ಕ ಕೂತಳು.

ಊರಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ, ಪಂಪಿನದನ್ನೂ ಸೊಲ್ಲಾಪುರದ್ದನ್ನೂ. ಅವ್ವ ಬೈಯುತ್ತಾಳೆ ಎಂದುಕೊಂಡಿದ್ದೆ. "ಅವತ್ತಾ ಹೇಳಿದ್ರ ನಾಕು ಹೊಡತ ತಿಂದು ಮುಗೀತಿತ್ತು," ಎಂದಳು, ಅಷ್ಟೇ. ಸೊಲ್ಲಾಪುರದ ಡಾಕ್ಟರಿಗೆ ಒಂದು ಕಾಗದ ಬರೆದೆ. ತಪ್ಪು ಅಕ್ಕನದಲ್ಲ, ನನ್ನದು ಎಂದು ಮರಾಠಿಯಲ್ಲೇ ಬರೆದೆ. ಉತ್ತರ ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

ಅಕ್ಕನ ಬಲತೊಡೆಯ ಹೊರಮೈ ಜೋಮು ಹಿಡಿದಂತೆ ಉಳಿಯಿತು. ಕಾಲು ಎಳೆದು ನಡೆಯುವುದು ರೂಢಿಯಾಯಿತು. ಒಂದು ವರ್ಷ ಅವಳು ನನ್ನ ಕೂಡ ಮಾತಾಡಲಿಲ್ಲ. ಮುಂದೊಂದು ನಾಗರಪಂಚಮಿಯ ಮುನ್ನಾದಿನ ನಾನೇ ಧೈರ್ಯ ಮಾಡಿ ಗೊಬ್ಬೂರಿಗೆ ಹೋದಾಗ ಅವಳು ಅಂಗನವಾಡಿಯಲ್ಲಿದ್ದಳು. ಕಿಟಕಿಯಿಂದ ನೋಡಿದೆ. ಸಹಾಯಕಿ ಹೆಂಗಸು ಮಕ್ಕಳಿಗೆ ಹಾಡು ಹೇಳಿಸುತ್ತಿದ್ದಳು, ಅರ್ಧ ತಪ್ಪು, ಅರ್ಧ ಮರೆತು. ಟೀಚರ್ ಆದ ಅಕ್ಕ ಮೂಲೆಯಲ್ಲಿ ಒಲೆಯ ಮುಂದೆ ಕೂತು ಉಪ್ಪಿಟ್ಟು ಕೆದಕುತ್ತಿದ್ದಳು. ಹಲ್ಲಿಲ್ಲದೆ ಅವಳ ಮಾತು ಗಾಳಿಯಾಗಿ ಹೊರಗೆ ಹೋಗುತ್ತಿತ್ತು, ಮಕ್ಕಳು ಅದನ್ನೇ ಕಲಿತು ಹಾಗೆಯೇ ಅನ್ನತೊಡಗಿದ್ದರಂತೆ. ಅದಕ್ಕೇ ಇಬ್ಬರೂ ಕೆಲಸ ಅದಲುಬದಲು ಮಾಡಿಕೊಂಡಿದ್ದರು. ನನ್ನನ್ನು ಕಂಡು, "ಯಾವಾಗ ಬಂದಿ? ಉಂಡಿಯೇನು?" ಎಂದಳು. ಅಂದಿನಿಂದ ಮಾತು ಮತ್ತೆ ಶುರುವಾಯಿತು. ಮಳೆ, ತೊಗರಿ, ಅವ್ವನ ಕೆಮ್ಮು, ಮಗಳ ಲಗ್ನ. ಇಂಥ ಮಾತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ಮಗಳನ್ನು ಚೊಚ್ಚಲ ಹೆರಿಗೆಗೆ ಆಳಂದದ ನಮ್ಮ ದವಾಖಾನೆಗೇ ಕರೆತಂದರು. ಹೆರಿಗೆ ನಾನೇ ಮಾಡಿಸಿದೆ. ಹೆಣ್ಣು ಕೂಸು. ಒರೆಸಿ, ಅರಿವೆ ಸುತ್ತಿ ಹೊರಗೆ ತಂದು ಅಕ್ಕನ ತೊಡೆಯ ಮೇಲಿಟ್ಟೆ. ಅವಳು ಅದರ ಹಣೆ ಸವರಿದಳು, ಬೆರಳು ಎಣಿಸಿದಳು. ವರಾಂಡದಲ್ಲಿ ನಾವಿಬ್ಬರೇ ಇದ್ದೆವು. ಬಸ್ ಸ್ಟ್ಯಾಂಡಿನ ಆ ಮಧ್ಯಾಹ್ನದ ನಂತರ ಕೇಳಲಾಗದೆ ಉಳಿದಿದ್ದನ್ನು ಕೇಳಿದೆ.

"ಅಕ್ಕ, ನನ್ನ ಮ್ಯಾಲ ಇನ್ನೂ ಸಿಟ್ಟದನು?"

ಅವಳು ಕೂಸಿನಿಂದ ಕಣ್ಣು ಎತ್ತಲಿಲ್ಲ. ಅದರ ಅರಿವೆಯನ್ನು ಸರಿಯಾಗಿ ಹೊದಿಸಿದಳು.

"ಅದೊಂದು ಕೇಳಬ್ಯಾಡ ಬೇ," ಎಂದಳು. "ಒಳಗ ಹುಡುಗಿ ನಡಗಾಕತ್ತಾಳ. ಬಿಸಿನೀರು ತಗೊಂಡು ಬಾ, ಹೋಗು."

ನಾನು ಬಿಸಿನೀರು ತರಲು ಹೋದೆ.